ಖಾಲಿ ಪೊರೆಯಿಂದ ಗಾಜುರೆಕ್ಕೆ ಪತಂಗವನ್ನು ಗುರುತಿಸುವುದು: ನನ್ನ ಅನುಭವ

ಗಾಜುರೆಕ್ಕೆ ಪತಂಗ ಎದುರಿಗೆ ಬಂದರೂ ಹೆಚ್ಚಿನವರು ಕಣಜ ಅಂತ ದೂರ ಸರಿಯುತ್ತಾರೆ. ಹಗಲಿನಲ್ಲೇ ಹಾರುತ್ತದೆ, ಕೈಗೆ ಸಿಗುವುದು ಕಷ್ಟ. ಹಾಗಾಗಿ ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ತೋಟ, ಗುಡ್ಡೆಗಳಲ್ಲಿ ನಾನು ಹುಡುಕುವುದು ಅದು ಬಿಟ್ಟುಹೋದ ಪೊರೆಯನ್ನು, ಅಂದರೆ ಕೋಶದ ಖಾಲಿ ಸಿಪ್ಪೆಯನ್ನು.

ಮರಿಹುಳ ಕಾಂಡದೊಳಗೆ ಬೆಳೆಯುತ್ತದೆ. ಅಲ್ಲೇ ಕೋಶವಾಗುತ್ತದೆ (ಪ್ಯೂಪಾ, ಪತಂಗವಾಗುವ ಮೊದಲಿನ ಹಂತ). ಹೊರಬರುವ ಹೊತ್ತಿಗೆ ಈ ಕೋಶವೇ ಬೆನ್ನಿನ ಮುಳ್ಳುಗಳನ್ನು ಊರಿಕೊಂಡು ತೂತಿನ ಬಾಯಿವರೆಗೆ ತೆವಳುತ್ತದೆ. ಪತಂಗ ಹಾರಿದ ಮೇಲೆ ಕಂದು ಪೊರೆ ಅರ್ಧ ಹೊರಗೆ ಚಾಚಿಕೊಂಡು ಉಳಿಯುತ್ತದೆ. ಜೀರುಂಡೆ ಕೊರೆದ ತೂತಿನಲ್ಲಿ ಹೀಗಿರುವುದಿಲ್ಲ. ನಮ್ಮಲ್ಲಿ ಒಂದು ಜಡಿಮಳೆ ಬಂದರೆ ಸಾಕು, ಪೊರೆ ಉದುರಿಹೋಗುತ್ತದೆ. ಅದಕ್ಕೇ ಬೆಳಿಗ್ಗೆಯೇ ಹೋಗಬೇಕು.

ಒಣ ಪೊರೆ ಮುಟ್ಟಿದರೆ ಪುಡಿಯಾಗುತ್ತದೆ. ಒದ್ದೆ ಬ್ರಶ್‌ನಿಂದ ಬಿಡಿಸಿ ಬೆಂಕಿಪೊಟ್ಟಣಕ್ಕೆ ಹಾಕುತ್ತೇನೆ. ಮನೆಗೆ ಬಂದು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿ ಅದರಲ್ಲಿ ನೆನೆಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿಯುತ್ತೇನೆ. ಮೊದಲು ಹಣೆ: ಅಲ್ಲಿರುವ ಮೊನೆ ಚೂಪೋ, ಮೊಂಡೋ, ಅಗಲವೋ? ಆಮೇಲೆ ಬೆನ್ನು. ಹೊಟ್ಟೆಯ ನಡು ಉಂಗುರಗಳ ಮೇಲೆ ಅಡ್ಡಕ್ಕೆ ಎರಡೆರಡು ಸಾಲು ಮುಳ್ಳು, ಗರಗಸದ ಹಲ್ಲಿನ ಹಾಗೆ. ಏಳನೇ ಉಂಗುರದಲ್ಲೂ ಎರಡು ಸಾಲಿದ್ದರೆ ಗಂಡು, ಒಂದೇ ಇದ್ದರೆ ಹೆಣ್ಣು. ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ಆದ ಖುಷಿ ಇನ್ನೂ ಹಾಗೇ ಇದೆ. ಕೊನೆಗೆ ಬಾಲದ ತುದಿಯ ಮುಳ್ಳುಗಳ ಜೋಡಣೆ.

ಆದರೆ ಮುಳ್ಳು ಕಂಡ ಕೂಡಲೇ ಗಾಜುರೆಕ್ಕೆ ಅನ್ನಬಾರದು. ಕೋಕೋ, ಕಾಫಿ ಕಾಂಡ ಕೊರೆಯುವ ಕೆಂಪು ಹುಳದ ಪೊರೆಯಲ್ಲೂ ಮುಳ್ಳಿದೆ, ಅದೂ ಹೀಗೇ ತೂತಿನಿಂದ ಚಾಚಿಕೊಂಡಿರುತ್ತದೆ. ಆದ್ದರಿಂದ ಯಾವ ಗಿಡ, ಬುಡವೋ ಕೊಂಬೆಯೋ, ನೆಲದಿಂದ ಎಷ್ಟು ಎತ್ತರ, ಇಷ್ಟನ್ನು ಅಲ್ಲೇ ಚೀಟಿಯಲ್ಲಿ ಬರೆಯಲೇಬೇಕು. ಚೀಟಿ ಇಲ್ಲದ ಪೊರೆ ಸುಮ್ನೆ ಕಸ ಅಲ್ವಾ?

ಜಾತಿಯ ಹೆಸರು ಬೇಕಾದರೆ ಹುಳ ಸಾಕುವುದೇ ನನಗೆ ನಂಬಿಕೆಯ ದಾರಿ. ಪಡುವಲ ಬಳ್ಳಿಯಲ್ಲಿ ಊದಿಕೊಂಡ ಗಂಟಿನೊಳಗೆ ಮೆಲಿಟಿಯಾ ಯೂರಿಟಿಯಾನ್ ಎಂಬ ಗಾಜುರೆಕ್ಕೆ ಪತಂಗದ ಹುಳ ಇರುತ್ತದೆ. ಗಂಟಿರುವ ತುಂಡನ್ನು ಜಾಡಿಗೆ ಹಾಕಿ ಬಲೆ ಬಟ್ಟೆ ಕಟ್ಟುತ್ತೇನೆ. ಜಾಡಿಯ ತಳಕ್ಕೆ ಹಸಿ ಮಣ್ಣೂ ಬೇಕು. ಇದೇ ಕುಲದ ಅಮೆರಿಕದ ಕುಂಬಳ ಹುಳ ಮಣ್ಣಿಗಿಳಿದೇ ಕೋಶವಾಗುತ್ತದೆ, ಅಂಥದರ ಪೊರೆಯನ್ನು ಕಾಂಡದಲ್ಲಿ ಹುಡುಕಿ ಫಲವಿಲ್ಲ. ಪತಂಗ ಬಂದರೆ ಅದನ್ನೂ ಅದರದೇ ಪೊರೆಯನ್ನೂ ಒಟ್ಟಿಗೆ ಇಡುತ್ತೇನೆ. ಮುಂದೆ ಸಿಗುವ ಪೊರೆಗಳನ್ನು ಹೋಲಿಸಲು ಈ ಜೋಡಿಯೇ ಆಧಾರ. ಜೋಡಿ ಸಿಗದ ಕಾಡುಮರದ ಪೊರೆಗಳ ಮೇಲೆ ಸದ್ಯಕ್ಕೆ 'ಸೆಸಿಡೇ ಕುಟುಂಬ, ಹೆಣ್ಣು' ಅಂತಷ್ಟೇ ಬರೆದಿಟ್ಟಿದ್ದೇನೆ; ಸೆಸಿಡೇ ಅಂದರೆ ಗಾಜುರೆಕ್ಕೆ ಪತಂಗಗಳ ಕುಟುಂಬ.