ಟ್ರಿಪ್ ಕಿತ್ತಾಕೋ ಮುಂಚೆ ಒಂದ್ಸಲ ಆ ಬಸ್ಸಲ್ಲಿ ಕೂತು ಹೋಗಿ: ನನ್ನ ಅನುಭವ

ಊರಿಂದೂರಿಗೆ ಓಡೋ ಬಸ್ಸುಗಳ ರೂಟ್ ಲೆಕ್ಕ ನೋಡೋ ಕೆಲಸ ನಂದು. ಶುರುವಲ್ಲಿ ತಿಂಗಳ ಶೀಟ್ ಇಟ್ಕೊಂಡು, ಲೋಡ್ ಫ್ಯಾಕ್ಟರ್ (ಅಂದ್ರೆ ಸೀಟು ಎಷ್ಟು ಪರ್ಸೆಂಟ್ ತುಂಬಿತ್ತು ಅನ್ನೋ ಲೆಕ್ಕ) ಕಾಲಂ ಸಾರ್ಟ್ ಮಾಡಿ, ತೀರಾ ಕಮ್ಮಿ ಇರೋ ಟ್ರಿಪ್‌ಗಳಿಗೆ ಕೆಂಪು ಗುರುತು ಹಾಕ್ತಿದ್ದೆ. ಹಾಗೆ ಗುರುತು ಹಾಕಿದ್ದ ಒಂದು ರಾತ್ರಿ 8:30ರ ಟ್ರಿಪ್ಪೇ ನನಗೆ ಈ ಕೆಲಸ ಕಲಿಸಿದ್ದು.

ಅರ್ಧ ಸೀಟೂ ತುಂಬಲ್ಲ ಅಂತ ಅದನ್ನ ನಿಲ್ಸಿದ್ವಿ. ಎರಡು ತಿಂಗಳು ಕಳೆಯೋದ್ರೊಳಗೆ ಅದೇ ರೂಟಿನ ಬೆಳಗ್ಗೆ ಬಸ್ಸಲ್ಲೂ ಜನ ಕಮ್ಮಿ ಆಗಿದ್ರು. ಯಾಕೆ ಅಂತ ಸ್ಟಾಪಲ್ಲಿ ನಿಂತು ಕೇಳಿದ್ರೆ ಒಬ್ಬ ಹೆಂಗಸು "ಹೋಗೋಕೆ ಬಸ್ ಇದೆ ಸಾರ್, ವಾಪಸ್ ಬರೋಕೆ?" ಅಂದ್ರು. ಅಂದ್ರೆ ರಾತ್ರಿ ಟ್ರಿಪ್ ಇತ್ತು ಅನ್ನೋ ಧೈರ್ಯದ ಮೇಲೇನೇ ಅವರು ಬೆಳಗ್ಗೆ ಬಸ್ ಹತ್ತುತ್ತಿದ್ದಿದ್ದು. ಇನ್ನೊಂದು ಸಂಕಟ ಏನಂದ್ರೆ ಆ ಗಾಡಿ ಹೆಂಗಿದ್ರೂ ರಾತ್ರಿ ಡಿಪೋ ಸೇರ್ಲೇಬೇಕು, ಹಾಗಾಗಿ ಅದೇ ರೋಡಲ್ಲಿ ಖಾಲಿ ಓಡ್ತಿತ್ತು, ಡೆಡ್ ಕಿಲೋಮೀಟರ್ ಅಂತ ಬರ್ಕೊಂಡು. ಡೀಸೆಲ್ ಕೂಡ ಉಳೀಲಿಲ್ಲ. ಡ್ರೈವರ್ ಕಂಡಕ್ಟರ್ ಸಂಬಳ, ವಿಮೆ ಇದ್ಯಾವುದೂ ಒಂದು ಟ್ರಿಪ್ ಕಿತ್ರೆ ಕಮ್ಮಿ ಆಗಲ್ಲ, ಇಡೀ ಶೆಡ್ಯೂಲೇ, ಅಂದ್ರೆ ಆ ಗಾಡಿಯ ಪೂರ್ತಿ ದಿನದ ಓಟನೇ ತೆಗೆದ್ರೆ ಮಾತ್ರ ಆಗತ್ತೆ.

ಆಮೇಲಿಂದ ನಾನು ಬಸ್ಸಲ್ಲಿ ಕೂತು ಎಣಿಸದೆ ಯಾವ ಟ್ರಿಪ್ ಬಗ್ಗೆನೂ ಮಾತಾಡಲ್ಲ. ಬಾಗಿಲ ಪಕ್ಕದ ಸೀಟು, ಒಂದು ಪ್ಯಾಡು, ಪೆನ್ಸಿಲ್ಲು. ಪ್ರತಿ ಸ್ಟಾಪಿಗೂ ಹತ್ತಿದವರು ಎಷ್ಟು, ಇಳಿದವರು ಎಷ್ಟು, ಗಾಡಿ ಹೊರಟಾಗ ಒಳಗೆ ಎಷ್ಟು ಜನ, ಜೊತೆಗೆ ಬಂದ ಟೈಮು ಹೊರಟ ಟೈಮು. ಕೊನೇ ಸ್ಟಾಪಲ್ಲಿ ಹತ್ತಿದವರ ಮೊತ್ತ, ಇಳಿದವರ ಮೊತ್ತ ಸಮ ಬರ್ಬೇಕು. ಒಂದೆರಡು ಆಚೀಚೆ ಆದ್ರೆ ಸರಿ, ಹತ್ತು ವ್ಯತ್ಯಾಸ ಬಂದ್ರೆ ಆ ಶೀಟ್ ಬಿಟ್ಟು ಇನ್ನೊಂದಿನ ಮತ್ತೆ ಹೋಗೋದೇ. ಎರಡು ಬಾಗಿಲಿದ್ರೆ ಇಬ್ಬರು ಬೇಕು.

ಟಿಕೆಟ್ ಮೆಷಿನ್ ಡೇಟಾ ಇದ್ಯಲ್ಲ ಅಂತ ಕೇಳ್ತಾರೆ. ಇದೆ, ಅದನ್ನೂ ನೋಡ್ತೀನಿ. ಆದ್ರೆ ಮೆಷಿನ್‌ಗೆ ಗೊತ್ತಿರೋದು ಸ್ಟೇಜು (ಟಿಕೆಟ್ ದರ ಬದಲಾಗೋ ಜಾಗ), ಸ್ಟಾಪಲ್ಲ. ರಶ್ ಇದ್ದಾಗ ಕಂಡಕ್ಟರ್ ಟಿಕೆಟ್ ಹರಿಯೋಷ್ಟರಲ್ಲಿ ಎರಡು ಸ್ಟಾಪ್ ದಾಟಿರತ್ತೆ, ಪಾಸ್ ತೋರಿಸಿ ಹತ್ತೋ ಹುಡುಗ್ರು ಎಷ್ಟೋ ಕಡೆ ಲೆಕ್ಕಕ್ಕೇ ಬರಲ್ಲ. ಶಾಲೆ ಟೈಮಿನ ಬಸ್ಸು ಕಾಗದದ ಮೇಲೆ ಖಾಲಿ, ಒಳಗೆ ಕಾಲಿಡೋಕೆ ಜಾಗ ಇಲ್ಲ.

ಲೆಕ್ಕ ಹೆಂಗೆ ಅಂತ ಒಂದು ಉದಾಹರಣೆ ಹೇಳ್ತೀನಿ. 50 ಸೀಟಿನ ಗಾಡಿ, 40 ಕಿಲೋಮೀಟರ್ ರೂಟು, ಗುಣಿಸಿದ್ರೆ ಅಲ್ಲಿಗೆ 2000 ಸೀಟ್ ಕಿಲೋಮೀಟರ್. ಮೊದಲ 10 ಕಿಲೋಮೀಟರ್ 60 ಜನ, ಮುಂದಿನ 10ಕ್ಕೆ 45, ಅದರ ಮುಂದಿನ 10ಕ್ಕೆ 20, ಕೊನೇ 10ಕ್ಕೆ 5 ಜನ. ಪ್ರತಿ ತುಂಡಿನ ಜನಾನ 10 ಕಿಲೋಮೀಟರಿಂದ ಗುಣಿಸಿ ಕೂಡಿದ್ರೆ 1300 ಪ್ಯಾಸೆಂಜರ್ ಕಿಲೋಮೀಟರ್, 2000ಕ್ಕೆ 1300 ಅಂದ್ರೆ ಲೋಡ್ ಫ್ಯಾಕ್ಟರ್ 65 ಪರ್ಸೆಂಟ್. ಶೀಟಲ್ಲಿ 65 ನೋಡಿದೋರಿಗೆ ಚೆನ್ನಾಗೇ ಕಾಣತ್ತೆ, ಆದ್ರೆ ಮೊದಲ ತುಂಡಲ್ಲಿ ಹತ್ತು ಜನ ನಿಂತಿದ್ದಾರೆ, ಕೊನೇ ತುಂಡಲ್ಲಿ ಗಾಡಿ ಹೆಚ್ಚುಕಮ್ಮಿ ಖಾಲಿ. ಇಲ್ಲಿ ಬೇಕಿರೋದು ಮೊದಲ ಅರ್ಧಕ್ಕೆ ಇನ್ನೊಂದು ಶಾರ್ಟ್ ಟ್ರಿಪ್ಪು. ಅದಕ್ಕೇ ನಾನು ಸರಾಸರಿ ಪಕ್ಕದಲ್ಲೇ ಯಾವ ತುಂಡಲ್ಲಿ ಜನ ಅತಿ ಹೆಚ್ಚು ಅಂತ ಒಂದು ಕಾಲಂ ಹಾಕ್ತೀನಿ.

ಇನ್ನೊಂದು ಮೋಸ ಇದೆ, ಇದು ನಂಗೆ ತುಂಬಾ ತಡವಾಗಿ ಹೊಳೀತು. ಒಂದು ಟ್ರಿಪ್ ಕ್ಯಾನ್ಸಲ್ ಆದ್ರೆ ಆ ಜನ ಎಲ್ಲ ಹಿಂದೆ ಬರೋ ಬಸ್ಸಿಗೆ ನುಗ್ತಾರೆ, ಅದರ ಲೋಡ್ ಫ್ಯಾಕ್ಟರ್ ಏರತ್ತೆ, ಪ್ರತಿ ಕಿಲೋಮೀಟರಿಗೆ ಬರೋ ಆದಾಯನೂ ಏರತ್ತೆ. ಸರಿಯಾಗಿ ಬಸ್ ಬಿಡದೇ ಇರೋ ರೂಟೇ ರಿಪೋರ್ಟಲ್ಲಿ ಮೇಲೆ ಬಂದು ಕೂತ್ಕೊಳತ್ತೆ! ಹಾಗಾಗಿ ಕ್ಯಾನ್ಸಲ್ ಆದ ಕಿಲೋಮೀಟರ್ ಪಕ್ಕದಲ್ಲಿ ಇಲ್ದೆ ಲೋಡ್ ಫ್ಯಾಕ್ಟರ್ ಓದ್ಲೇಬಾರ್ದು. ಟೈಮಿಂದೂ ಅಷ್ಟೇ, ಲೇಟ್ ಬಗ್ಗೆ ಎಲ್ಲರೂ ಬರೀತಾರೆ, ಮುಂಚೆ ಹೊರಟಿದ್ದನ್ನ ಯಾರೂ ಬರ್ಕೊಳಲ್ಲ. ಗಂಟೆಗೊಂದು ಬಸ್ ಇರೋ ಕಡೆ ಮೂರು ನಿಮಿಷ ಮುಂಚೆ ಬಿಟ್ರೆ ಸರಿಯಾದ ಟೈಮಿಗೆ ಬಂದೋರು ಒಂದು ಗಂಟೆ ನಿಂತ್ಕೋಬೇಕು.

ಆ ರಾತ್ರಿ ಟ್ರಿಪ್ ಮತ್ತೆ ಶುರು ಮಾಡಿಸಿದ್ವಿ, ಟೈಮ್ ಹಾಳೆ ಪ್ರತಿ ಸ್ಟಾಪಲ್ಲೂ ಅಂಟಿಸಿದ್ವಿ. ಬೆಳಗ್ಗೆ ಬಸ್ಸಿಗೆ ಜನ ನಿಧಾನಕ್ಕೆ ವಾಪಸ್ ಬಂದ್ರು, ಆದ್ರೆ ಎಲ್ಲರೂ ಬರ್ಲಿಲ್ಲ, ಕೆಲವರು ಅಷ್ಟರಲ್ಲಿ ಸ್ಕೂಟರ್ ತಗೊಂಡಿದ್ರು.