ಕ್ಯೂಎಸ್‌ಟಿ ಕಾಗದದಿಂದ ಟ್ಯಾಬಿಗೆ: ಕೊನೆಗೂ ಬೆಂಚಿನ ಮೇಲೆ ನಿಂತ ನನ್ನ ಡಿಜಿಟಲ್ ಚಂದಾ

ಕ್ಯೂಎಸ್‌ಟಿ ಅಂದರೆ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಅಮೆರಿಕದ ಮಾಸಪತ್ರಿಕೆ. ಇಂಥ ಪತ್ರಿಕೆಯನ್ನು ಸ್ಕ್ರೀನಿನಲ್ಲಿ ಓದಿ ರಿಗ್ (ರೇಡಿಯೋ ಸೆಟ್ಟು) ಕಟ್ಟಲು ಆಗುವುದಿಲ್ಲ ಎಂದು, ರೇಡಿಯೋದಲ್ಲೇ ಎಲ್ಲರೂ ಸೇರಿ ಮಾತಾಡುವ ನಮ್ಮ ಬೆಳಗಿನ ನೆಟ್‌ನಲ್ಲಿ ಹೇಳದವರಿಲ್ಲ. ನನಗೆ ಮೋರ್ಸ್ ಕಲಿಸಿದ ಮೇಷ್ಟ್ರಂತೂ, "ಸರ್ಕ್ಯೂಟ್ ಅಂದ್ರೆ ಎದುರಿಗೆ ಹರಡಿಕೊಂಡು ಪೆನ್ಸಿಲಲ್ಲಿ ಗೀಟು ಹಾಕ್ತಾ ಹೋಗ್ಬೇಕು ಮಾರಾಯ, ಗಾಜಿನ ಮೇಲೆ ಏನು ಗೀಟು ಹಾಕ್ತೀಯ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಈ ಮಳೆಗಾಲದಲ್ಲಿ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಮೋರ್ಸ್ ಕಳಿಸಿ ಕೇಳುವ ಸಿಡಬ್ಲ್ಯು ಟ್ರಾನ್ಸೀವರ್ ಒಂದನ್ನು ಆಸಿಲೇಟರಿನಿಂದ ಲೋ ಪಾಸ್ ಫಿಲ್ಟರಿನವರೆಗೆ ಡಿಜಿಟಲ್ ಸಂಚಿಕೆಗಳನ್ನೇ ಇಟ್ಟುಕೊಂಡು ಕಟ್ಟಿ ಮುಗಿಸಿದ್ದೇನೆ. ಮೇಷ್ಟ್ರೇ ಅದರ ಮೊದಲ ಸಿಗ್ನಲ್ ಕೇಳಿ, ಚೆನ್ನಾಗಿ ಬರುತ್ತಿದೆ ಎಂಬರ್ಥದ 579 ಅಂಕ ಕೊಟ್ಟರು. ಇನ್ನು ಧೈರ್ಯವಾಗಿ ಬರೆಯಬಹುದು.

ಕಾಗದ ಬಿಡಲು ಕಾರಣ ನಮ್ಮೂರು ಸಾಗರದ ಮಳೆ. ಜೂನ್ ಬಂತೆಂದರೆ ಕಪಾಟಿನ ಕೆಳಗಿನ ಸಾಲಿಗೆ ಬೂಷ್ಟು. ನಯವಾದ ಕಾಗದದ ಸಂಚಿಕೆಗಳು ಒದ್ದೆಯಾದರೆ ಪುಟಕ್ಕೆ ಪುಟ ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಅಚ್ಚೇ ಕಿತ್ತುಬರುತ್ತದೆ. ಒಂದು ವರ್ಷ ಗೆದ್ದಲು ಹತ್ತಿ ಸುಮಾರು ಐದಾರು ವರ್ಷದ ಸಂಗ್ರಹ ಹೋಯಿತು. ಮೇಲಿನಿಂದ ನೋಡಿದರೆ ಬೈಂಡು ಸರಿಯಾಗಿಯೇ ಇತ್ತು, ಎತ್ತಿದರೆ ಒಳಗೆ ಬರೀ ಮಣ್ಣು. ಅದರ ಮೇಲೆ ಅಂಚೆಯ ಕಥೆ. ಅಮೆರಿಕದಿಂದ ಹೊರಟ ಸಂಚಿಕೆ ಇಲ್ಲಿಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳು, ವರ್ಷಕ್ಕೆ ಎರಡಾದರೂ ದಾರಿಯಲ್ಲೇ ಮಾಯ. ಕಾಂಟೆಸ್ಟ್ ಮುಗಿದ ಮೇಲೆ ಕಾಂಟೆಸ್ಟಿನ ನಿಯಮ ಕೈಗೆ ಬರುತ್ತಿತ್ತು. 2020ರಲ್ಲಿ ಕೊರೊನಾದಿಂದ ವಿದೇಶಿ ಅಂಚೆ ನಿಂತಾಗ ನನ್ನ ಕಾಗದದ ಚಂದಾ ಅಲ್ಲಿಗೆ ಮುಗಿಯಿತು.

ದುಡ್ಡಿನ ಲೆಕ್ಕವೂ ಬದಲಾಗಿದೆ. ಕ್ಯೂಎಸ್‌ಟಿ ಹೊರತರುವ ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ 2024ರಿಂದ ಸದಸ್ಯತ್ವವನ್ನು 49 ಡಾಲರಿನಿಂದ 59ಕ್ಕೆ ಏರಿಸಿ, ಅಚ್ಚಿನ ಕ್ಯೂಎಸ್‌ಟಿ ಬೇಕೆಂದರೆ ಅಮೆರಿಕದವರೂ ಮೇಲೆ 25 ಡಾಲರ್ ಕೊಡಬೇಕೆಂದು ಮಾಡಿತು. ನಮಗಾದರೆ ಅಂಚೆಯ ಖರ್ಚು ಬೇರೆ. ಡಿಜಿಟಲ್ ಮಾತ್ರ ಸಾಕೆಂದರೆ ಸದಸ್ಯತ್ವದ ದುಡ್ಡು, ಕಾರ್ಡಿನ ವಿದೇಶಿ ವಿನಿಮಯದ ಶುಲ್ಕ, ಇಷ್ಟರಲ್ಲಿ ಮುಗಿಯುತ್ತದೆ. ಇಷ್ಟು ಕೊಟ್ಟರೆ ಸಿಗುವುದೇನು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2012ರಿಂದ ಈಚಿನವು ಡಿಜಿಟಲ್ ಸಂಚಿಕೆಯಾಗಿ ಸಿಗುತ್ತವೆ, 1915ರ ಮೊದಲ ಸಂಚಿಕೆಯಿಂದ 2011ರವರೆಗಿನ ಲೇಖನಗಳು ಸದಸ್ಯರ ಆರ್ಕೈವಿನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ನೂರು ವರ್ಷದ ಕ್ಯೂಎಸ್‌ಟಿ! ಇದೊಂದಕ್ಕೇ ಚಂದಾ ಕೊಡಬಹುದು. ಎಲೆಕ್ಟರ್ ಎಂಬ ಎಲೆಕ್ಟ್ರಾನಿಕ್ಸ್ ಪತ್ರಿಕೆ ಬೇಕಾದವರು ಅವರ ಗ್ರೀನ್ ಸದಸ್ಯತ್ವ ನೋಡಿ, ಅದೂ ಬರೀ ಡಿಜಿಟಲ್. ಆಟೋ ರಿನ್ಯೂವಲ್ ನಂಬಬೇಡಿ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದಾಗಿನಿಂದ ವಿದೇಶಿ ಚಂದಾ ತಾನಾಗಿ ಕಡಿತವಾಗುವುದು ಗ್ಯಾರಂಟಿಯಿಲ್ಲ. ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಕೈಯಾರೆ ಕಟ್ಟುತ್ತೇನೆ.

ಮೊದಲು ಸೋತದ್ದು ಆರಿಂಚಿನ ಇ-ಇಂಕ್ ರೀಡರ್, ಕಾಗದದಂತೆ ಕಪ್ಪು ಬಿಳುಪಿನಲ್ಲಿ ಕಾಣುವ ಪರದೆಯದ್ದು. ಎಂಟು ಸಾವಿರ ಹೋಯಿತು. ಕಾದಂಬರಿಗೆ ಸೊಗಸಾದ ಯಂತ್ರ, ಮೂರು ಕಾಲಮ್ಮಿನ ಪುಟಕ್ಕೆ ಏನೂ ಪ್ರಯೋಜನವಿಲ್ಲ. ಕೆ2ಪಿಡಿಎಫ್‌ಆಪ್ಟ್ ಎಂಬ ಸಾಫ್ಟ್‌ವೇರ್ ಹಾಕಿ ಕಾಲಮ್ ಕತ್ತರಿಸಿ ಒಂದರ ಕೆಳಗೊಂದು ಜೋಡಿಸಿದೆ. ಓದಲು ಬಂತು, ಆದರೆ ಪಠ್ಯದಲ್ಲಿ "ಚಿತ್ರ 3 ನೋಡಿ" ಎಂದಿದ್ದರೆ ಚಿತ್ರ 3 ಎಲ್ಲೋ ಇಪ್ಪತ್ತು ಪರದೆಯಾಚೆ. ಪಾರ್ಟ್ಸ್ ಪಟ್ಟಿಯ ಟೇಬಲ್ಲು ಚೂರುಚೂರು. ಸ್ಪೆಕ್ಟ್ರಮ್ ಗ್ರಾಫಿನ ಕೆಂಪು ನೀಲಿ ಗೆರೆಗಳು ಎರಡೂ ಒಂದೇ ಬೂದು. ಸ್ನೇಹಿತರೊಬ್ಬರ ಹದಿಮೂರಿಂಚಿನ ಇ-ಇಂಕ್ ತಂದು ಒಂದು ವಾರ ಇಟ್ಟುಕೊಂಡಿದ್ದೆ. ಪುಟ ಪೂರ್ತಿ ಕಾಣುತ್ತದೆ, ಕಣ್ಣಿಗೆ ಹಿತ. ಆದರೆ ಅರವತ್ತು ಸಾವಿರ ಕೊಟ್ಟು ತಂದು ಅದರ ಪಕ್ಕ ಬೆಸುಗೆಯ ಫ್ಲಕ್ಸ್ ಹೊಗೆ ಎಬ್ಬಿಸಲು ನನ್ನಿಂದಾಗದು. ಐಸಿಯ ಪಿನ್ ನಂಬರ್ ನೋಡಲು ಝೂಮ್ ಮಾಡಿದರೆ ಅದು ಯೋಚಿಸುತ್ತ ಕೂರುತ್ತದೆ.

ಎರಡನೆಯ ಸೋಲು ಆ್ಯಪ್. ಒಂದು ಪತ್ರಿಕಾ ಆ್ಯಪ್‌ನಲ್ಲಿ ಎರಡು ವರ್ಷದ ಚಂದಾ ಕಟ್ಟಿ, ಆಫ್‌ಲೈನಿಗೆಂದು ಇಳಿಸಿಟ್ಟಿದ್ದೆ. ಚಂದಾ ಮುಗಿದ ಮರುದಿನ ಇಳಿಸಿಟ್ಟದ್ದೂ ತೆರೆಯಲಿಲ್ಲ. ನಮ್ಮೂರಿನಲ್ಲಿ ಮಳೆಗಾಲಕ್ಕೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ, ಆಗ ಲಾಗಿನ್ ಕೇಳುವ ಪತ್ರಿಕೆ ಇದ್ದೂ ಇಲ್ಲದಂತೆ. ಅಂದಿನಿಂದ ಪಿಡಿಎಫ್ ಆಗಿ ಉಳಿಸಿಕೊಳ್ಳಲು ಪ್ರಕಾಶಕರೇ ಅನುಮತಿ ಕೊಡುವ ಪತ್ರಿಕೆಗೆ ಮಾತ್ರ ನನ್ನ ಚಂದಾ. ಸದಸ್ಯತ್ವ ಚಾಲ್ತಿಯಲ್ಲಿರುವಾಗಲೇ ಬೇಕಾದ ಲೇಖನ ಇಳಿಸಿ ಹಾರ್ಡ್‌ ಡಿಸ್ಕಿಗೆ ಹಾಕುತ್ತೇನೆ.

ಈಗ ನಡೆಯುತ್ತಿರುವ ಏರ್ಪಾಡು ಹೀಗಿದೆ. ಸೆಕೆಂಡ್‌ಹ್ಯಾಂಡ್ ಹತ್ತೂವರೆ ಇಂಚಿನ ಆಂಡ್ರಾಯ್ಡ್ ಟ್ಯಾಬ್, ಹನ್ನೊಂದು ಸಾವಿರದ ಹತ್ತಿರ. ತಿಂಗಳ ಸಂಚಿಕೆ ಅದರಲ್ಲೇ ಓದುವುದು, ಮಂಚದ ಮೇಲೆ ಮಲಗಿಕೊಂಡು. ಕಟ್ಟಬೇಕೆನ್ನಿಸಿದ ಲೇಖನ ಸಿಕ್ಕರೆ ಅದರ ಸರ್ಕ್ಯೂಟ್ ಪುಟವೊಂದನ್ನು ಮಾತ್ರ 300 ಡಿಪಿಐನಲ್ಲಿ ಚಿತ್ರವಾಗಿ ತೆಗೆದು, ಸುತ್ತಲಿನ ಬರಹ ಕತ್ತರಿಸಿ, ಎ4 ಅಡ್ಡಪುಟ ತುಂಬುವಷ್ಟು ಹಿಗ್ಗಿಸಿ ಲೇಸರ್ ಪ್ರಿಂಟರಿನಲ್ಲಿ ತೆಗೆಯುತ್ತೇನೆ. ಅಚ್ಚಿನ ಸಂಚಿಕೆಗಿಂತ ದೊಡ್ಡ ಅಕ್ಷರ, ಪೆನ್ಸಿಲಿನಲ್ಲಿ ಗೀಟು ಹಾಕಲು ಬೇಕಾದಷ್ಟು ಜಾಗ. ಮೇಷ್ಟ್ರ ತಕರಾರು ಅಲ್ಲಿಗೆ ಮುಗಿಯಿತು. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದರೆ 4.7ರ ಚುಕ್ಕೆಯೇ ಅಳಿಸಿಹೋಗುತ್ತದೆ. ಕಟ್ಟುವಾಗ ಟ್ಯಾಬ್ ಝಿಪ್ ಲಾಕ್ ಕವರಿನೊಳಗೆ, ಎಡಗಡೆ, ಓರೆಯಾಗಿ. ಕವರಿನ ಮೇಲಿನಿಂದಲೇ ಬೆರಳು ಓಡುತ್ತದೆ.

ಆದರೆ ಈ ಪದ್ಧತಿಯ ಜೀವ ಇರುವುದು ಹುಡುಕಾಟದಲ್ಲಿ. ಹಳೆಯ ಸ್ಕ್ಯಾನುಗಳಿಗೆ, ಚಿತ್ರದೊಳಗಿನ ಅಕ್ಷರ ಗುರುತಿಸುವ (ಓಸಿಆರ್) ಓಸಿಆರ್‌ಮೈಪಿಡಿಎಫ್ ಓಡಿಸಿ ಪಠ್ಯದ ಪದರ ಸೇರಿಸಿದೆ, ರಿಕಾಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಇಂಡೆಕ್ಸ್ ಮಾಡಿದೆ. ಮೊದಲ ಸಲ 2ಎನ್3904 ಎಂದು ಟ್ರಾನ್ಸಿಸ್ಟರೊಂದರ ನಂಬರ್ ಹುಡುಕಿದರೆ ಬಂದದ್ದು ಬೆರಳೆಣಿಕೆಯಷ್ಟು. ಸೊನ್ನೆಯನ್ನು ಓ ಎಂದೂ, 2 ಅನ್ನು ಝಡ್ ಎಂದೂ ಓದಿಕೊಂಡಿತ್ತು. ಮೈಕ್ರೋ ಚಿಹ್ನೆ ಯು ಆಗಿತ್ತು, ಓಮ್ ಚಿಹ್ನೆ ಏನೇನೋ ಆಗಿತ್ತು. ಪಾರ್ಟ್ ನಂಬರುಗಳಿಗೆಂದೇ ಅದಲುಬದಲು ಅಕ್ಷರಗಳ ಪಟ್ಟಿ ಮಾಡಿ ಪುಟ್ಟ ಸ್ಕ್ರಿಪ್ಟ್ ಬರೆದ ಮೇಲೆ ನೂರಾರು ಫಲಿತಾಂಶ ಬರತೊಡಗಿದವು. ಆ ಪಟ್ಟಿ ಒಂದು ಮಳೆಗಾಲದ ದುಡಿಮೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ದಾರಿ ಹೇಳಿದ್ದೇನೆ, ಕೂತರೆ ನಿಮಗೂ ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ಡಿಸ್ಕ್ ಉಳಿಸಲೆಂದು ಸ್ಕ್ಯಾನುಗಳನ್ನು ಕುಗ್ಗಿಸಲು ಹೋಗಬೇಡಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ, ಝೆರಾಕ್ಸ್ ಸ್ಕ್ಯಾನರುಗಳು ಜೆಬಿಗ್2 ಎಂಬ ಫೈಲ್ ಕುಗ್ಗಿಸುವ ವಿಧಾನದಲ್ಲಿ ಒಂದು ಅಂಕಿಯ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದನ್ನು ತೋರಿಸಿಕೊಟ್ಟರು, 6 ಇದ್ದಲ್ಲಿ 8. ಮಸುಕಾಗಿದ್ದರೆ ಅನುಮಾನವಾದರೂ ಬರುತ್ತದೆ, ಇದು ಸ್ಪಷ್ಟವಾಗಿ ತಪ್ಪು ಅಂಕಿ ತೋರಿಸುತ್ತದೆ. 68 ಪಿಕೋಫ್ಯಾರಡ್ ಕೆಪಾಸಿಟರ್ 88 ಆದರೆ ಫಿಲ್ಟರಿನ ಗತಿ ಏನು? ಡಿಸ್ಕಿನ ಜಾಗ ಹೋದರೂ ಸರಿ, ಮೂಲ ಫೈಲನ್ನು ಹಾಗೆಯೇ ಇಡಿ.

ಜೊತೆಗೆ ಒಂದು ಸ್ಪ್ರೆಡ್‌ಶೀಟ್, ಪೂರ್ತಿ ಕನ್ನಡದಲ್ಲಿ. ಲೇಖನ, ಬ್ಯಾಂಡ್, ಮುಖ್ಯ ಬಿಡಿಭಾಗ, "ಎಸ್‌ಪಿ ರೋಡಲ್ಲಿ ಸಿಗುತ್ತಾ" (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಎಂಬ ಕಾಲಮ್. ಅಮೆರಿಕದ ಲೇಖಕ ಎಂಪಿಎಫ್102 ಟ್ರಾನ್ಸಿಸ್ಟರ್ ಎಂದು ಬರೆದಿದ್ದರೆ ನಾನು ಅದರ ಬದಲಿಯಾಗಿ ಬಿಎಫ್‌ಡಬ್ಲ್ಯು10 ಎಂದು ಬರೆದಿಡುತ್ತೇನೆ. 2ಎನ್3904 ಬದಲು ಬಿಸಿ547 ಹಾಕುವುದಾದರೆ ಪಿಡಿಎಫ್ ಪುಟದ ಮೇಲೇ ಕೆಂಪು ಟಿಪ್ಪಣಿ: "ಕಾಲು ಉಲ್ಟಾ, ಎಮಿಟರ್ ಆ ಕಡೆ". ತಿದ್ದುಪಡಿಗಳೂ ಹಾಗೆಯೇ. ಕ್ಯೂಎಸ್‌ಟಿಯಲ್ಲಿ ಫೀಡ್‌ಬ್ಯಾಕ್ ಎಂದು ಹಿಂದಿನ ಸಂಚಿಕೆಗಳ ತಪ್ಪು ತಿದ್ದುವ ಪುಟ್ಟ ಜಾಗವಿದೆ. ಕಾಗದದ ಕಾಲದಲ್ಲಿ ಅದನ್ನು ಓದಿ ಮರೆಯುವುದೇ ರೂಢಿ. ಈಗ ಕಂಡ ಕೂಡಲೇ ಮೂಲ ಲೇಖನ ತೆರೆದು ಆ ಘಟಕದ ಪಕ್ಕದಲ್ಲೇ ಅಂಟಿಸುತ್ತೇನೆ. ನನ್ನ ಲೋ ಪಾಸ್ ಫಿಲ್ಟರಿಗೆ ಟಿ50-2 ಟೊರಾಯ್ಡ್ (ತಂತಿ ಸುತ್ತುವ ಬಳೆಯಾಕಾರದ ಕೋರ್) ಮೇಲೆ 1.3 ಮೈಕ್ರೋಹೆನ್ರಿ ಬೇಕಿತ್ತು, ಲೆಕ್ಕಕ್ಕೆ 16 ಸುತ್ತು. ಸುತ್ತಿ, ಅಳೆದು, ಸುತ್ತುಗಳನ್ನು ಎಷ್ಟು ಹರಡಿದಾಗ ಸರಿಹೋಯಿತೆಂಬುದನ್ನು ಫೋಟೋ ಸಮೇತ ಅದೇ ಪುಟಕ್ಕೆ ಸೇರಿಸಿದ್ದೇನೆ. ಇನ್ನು ಹತ್ತು ವರ್ಷ ಬಿಟ್ಟು ಆ ಲೇಖನ ತೆಗೆದರೂ ನನ್ನ ಕೆಲಸ ಅಲ್ಲೇ ಕೂತಿರುತ್ತದೆ.

ನೆಟ್‌ನಲ್ಲಿ ಯಾರೂ ಹೇಳದ ತೊಂದರೆಯೊಂದು ಬೆಂಚಿನ ಮೇಲೆ ಎದುರಾಯಿತು: ಟ್ಯಾಬಿನ ಚಾರ್ಜರ್. ಪ್ಲಗ್ ಹಾಕಿದ ಕೂಡಲೇ 7 ಮೆಗಾಹರ್ಟ್ಸ್‌ನಲ್ಲಿ ಗೊರ್ ಎಂದು ಗದ್ದಲ, ಸಿಗ್ನಲ್ ಮೀಟರಿನಲ್ಲಿ ಎಸ್7. ತೆಗೆದರೆ ಎಸ್3. ಸರ್ಕ್ಯೂಟ್ ನೋಡುತ್ತ ರಿಸೀವರ್ ಅಲೈನ್ ಮಾಡುವುದು ಹೇಗೆ? ಗದ್ದಲ ತಡೆಯಲೆಂದು ಕೇಬಲಿಗೆ ಕಚ್ಚಿಸುವ ಅಗ್ಗದ ಫೆರೈಟ್ ತುಂಡು ಹಾಕಿದೆ, ಮೀಟರಿನ ಮುಳ್ಳು ಅಲುಗಾಡಲೂ ಇಲ್ಲ. ಎಫ್‌ಟಿ240-43 ಟೊರಾಯ್ಡ್ ಮೇಲೆ ಚಾರ್ಜರಿನ ವೈರನ್ನು ಹತ್ತು ಸುತ್ತು ಸುತ್ತಿದಾಗ ಎಸ್5ಕ್ಕೆ ಇಳಿಯಿತು. ಎರಡು ಎಸ್ ಯೂನಿಟ್ ಎಂದರೆ 12 ಡಿಬಿ, ಕಡಿಮೆಯೇನಲ್ಲ. ಉಳಿದದ್ದನ್ನು ಗೋಡೆಯ ಕಡೆಯ ವೈರಿಗೆ ಇನ್ನೊಂದು ಟೊರಾಯ್ಡ್ ಹಾಕಿ, ಮತ್ತೊಂದು ಉಪಾಯ ಸೇರಿಸಿ ಮುಗಿಸಿದೆ. ಆ ಉಪಾಯವನ್ನು ಹ್ಯಾಮ್‌ಫೆಸ್ಟಿನಲ್ಲಿ ಸಿಕ್ಕವರಿಗೆ ಕೈಯಲ್ಲಿ ಹಿಡಿದು ತೋರಿಸುವೆ. ಈ ರಗಳೆ ಬೇಡವೆನ್ನುವವರು ರಾತ್ರಿಯೇ ಚಾರ್ಜ್ ಮಾಡಿಟ್ಟು ಬ್ಯಾಟರಿಯಲ್ಲೇ ಓಡಿಸಿ. ನನ್ನ ಟ್ಯಾಬ್ ಐದು ಗಂಟೆ ಸುಮಾರು ಬರುತ್ತದೆ. ಸಿಡಿಲಿನ ದಿನಗಳಲ್ಲಿ ಆಂಟೆನಾ ಕಳಚಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಕತ್ತಲಲ್ಲಿ ಓದಲಿಕ್ಕೂ ಅದೇ ಚೆಂದ.

ಇದರ ನಡುವೆ ಬೇರೆ ಪ್ರಯೋಗಗಳೂ ಆದವು. ಶಿವಮೊಗ್ಗದ ಬಸ್ಸಿನಲ್ಲಿ ಕೇಳೋಣವೆಂದು ಲೇಖನಗಳನ್ನು ಫೋನಿನಿಂದ ಓದಿಸಿದೆ. ಕಾಲಮ್ ಹಾರಿ ಹಾರಿ ಓದಿ, ಜಾಹೀರಾತನ್ನೂ ಮಧ್ಯೆ ತುರುಕಿತು. ಸಂಪಾದಕೀಯಕ್ಕೆ ಪರವಾಗಿಲ್ಲ, ತಾಂತ್ರಿಕ ಲೇಖನಕ್ಕೆ ಆಗದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆಯ ನನ್ನ ಹಳೆಯ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಸಾಫ್ಟ್‌ವೇರಿನ ಕನ್ನಡ ಓಸಿಆರ್ ಹಚ್ಚಿದೆ. ಅಚ್ಚು ಶುದ್ಧವಾಗಿದ್ದಲ್ಲಿ ಬೆರಗಾಗುವಷ್ಟು ಚೆನ್ನಾಗಿ ಓದಿತು, ಒತ್ತಕ್ಷರ ಮಸುಕಾಗಿದ್ದಲ್ಲಿ ಎಡವಿತು. ಈ ಕೆಲಸ ಬಿಡುವುದಿಲ್ಲ, ನನ್ನ ಮೊದಲ ಕ್ರಿಸ್ಟಲ್ ರೇಡಿಯೋ ಸೆಟ್ಟಿನ ಹುಚ್ಚು ಹತ್ತಿದ್ದು ಅಂಥ ಕನ್ನಡ ಪತ್ರಿಕೆಗಳಿಂದಲೇ.

ಸ್ಪ್ರಾಟ್ ಒಂದನ್ನು ಮಾತ್ರ ಕಾಗದದಲ್ಲೇ ಇಟ್ಟುಕೊಂಡಿದ್ದೇನೆ. ಕಡಿಮೆ ಪವರಿನಲ್ಲಿ ಮಾತಾಡುವ ಹ್ಯಾಮ್‌ಗಳ ಬ್ರಿಟಿಷ್ ಸಂಘ ಜಿ-ಕ್ಯುಆರ್‌ಪಿ ಕ್ಲಬ್ಬಿನ ಆ ಎ5 ಪುಸ್ತಿಕೆ ಜೇಬಿಗೆ ಹೋಗುತ್ತದೆ, ಸರ್ಕ್ಯೂಟೂ ಅಂಗೈಯಗಲ. ಅದನ್ನು ಟ್ಯಾಬಿಗೆ ತಂದರೆ ಲಾಭವಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಸಂಚಿಕೆ ಬಂದ ದಿನವೇ "ಓಎಂ (ಹ್ಯಾಮ್‌ಗಳ ಭಾಷೆಯಲ್ಲಿ ಗೆಳೆಯಾ), ಪಿಡಿಎಫ್ ಹಾಕಿ" ಎಂದು ಕೇಳುವವರಿದ್ದಾರೆ. ನಾನು ಹಾಕುವುದಿಲ್ಲ, ಈ ವಿಷಯದಲ್ಲಿ ದಾಕ್ಷಿಣ್ಯವೂ ಇಲ್ಲ. 1945ರಲ್ಲಿ ಶುರುವಾದ ಸಿಕ್ಯೂ ಎಂಬ ಹ್ಯಾಮ್ ಪತ್ರಿಕೆ 2023ರಲ್ಲಿ ನಿಂತೇಹೋಯಿತು. ಉಳಿದಿರುವವು ಕೆಲವೇ, ಅವು ನಡೆಯುತ್ತಿರುವುದು ಚಂದಾದಿಂದ. ದುಡ್ಡು ಕೊಡಲಾಗದ ವಿದ್ಯಾರ್ಥಿಗಳಿಗೆ ವೇಯ್ನ್ ಗ್ರೀನ್ ನಡೆಸಿದ 73 ಎಂಬ ಹ್ಯಾಮ್ ಪತ್ರಿಕೆಯ 1960ರಿಂದ 2003ರವರೆಗಿನ ಸಂಚಿಕೆಗಳು ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತವಾಗಿವೆ. ಕಟ್ಟಲು ಬೇಕಾದದ್ದು ಅದರಲ್ಲೇ ರಾಶಿ ಇದೆ.

ಕನ್ನಡದ ಸ್ಪ್ರೆಡ್‌ಶೀಟ್ ನನ್ನದೇ ಬರವಣಿಗೆ, ಅದನ್ನು ಯಾರು ಕೇಳಿದರೂ ಕೊಡುತ್ತೇನೆ. ಬಿಡಿಭಾಗಗಳ ಬದಲಿ ಪಟ್ಟಿಯಲ್ಲಿ ಇನ್ನೂ ಖಾಲಿ ಜಾಗಗಳಿವೆ, ಮುಖ್ಯವಾಗಿ ಆರ್‌ಎಫ್ ಪವರ್ ಟ್ರಾನ್ಸಿಸ್ಟರುಗಳದ್ದು. ನಿಮ್ಮ ಬೆಂಚಿನಲ್ಲಿ ಏನು ಹಾಕಿ ಎಷ್ಟು ವಾಟ್ ಬಂತೆಂದು ಹೇಳಿದರೆ ಸೇರಿಸುತ್ತೇನೆ. ಬೆಳಿಗ್ಗೆ ನೆಟ್ ಮುಗಿದ ಮೇಲೆ 40 ಮೀಟರಿನಲ್ಲೇ ಇರುತ್ತೇನೆ, ಕರೆಯಿರಿ.