ಹೆಂಚಿನ ಬೆನ್ನು ನೋಡಿದ ಮೇಲೆ ಸೋರುವುದು ನಿಂತಿತು

ಈ ಸಲ ಆರಿದ್ರಾ ಮಳೆಗೆ ನಮ್ಮ ಜಗಲಿಯಲ್ಲಿ ಒಂದೂ ಪಾತ್ರೆ ಇಡಲಿಲ್ಲ. ಪುನರ್ವಸು, ಪುಷ್ಯವೂ ಹಾಗೇ ಕಳೆದವು. ತೀರ್ಥಹಳ್ಳಿ, ಆಗುಂಬೆ ಕಡೆ ಹೆಂಚಿನ ಮನೆ ಇರುವವರಿಗೆ ಇದು ಎಂಥ ಸುಖ ಅಂತ ಗೊತ್ತು. "ಮೇಲೆ ಶೀಟ್ ಹೊದೆಸಿಬಿಡಿ" ಅಂತ ಎಲ್ಲರೂ ಹೇಳಿದ್ದರು. ಲೆಕ್ಕ ಹಾಕಿಸಿದರೆ 3.5 ಲಕ್ಷದ ಹತ್ತಿರ ಬಂತು. ಸುಮ್ಮನಾದೆ.

ಅದಕ್ಕೆ ಮೊದಲು ದುಡ್ಡು ನೀರಿಗೆ ಹಾಕಿದ ಕಥೆ ಹೇಳಬೇಕು. 2019ರ ಆಗಸ್ಟ್ ಮಳೆಗೆ ಹಾಸಿಗೆಯೆಲ್ಲ ನೆನೆದಿತ್ತು. ಮರುಬೇಸಿಗೆಗೆ ಹೆಂಚು ಇಳಿಸಿ ಕೆಳಗೆ ಪ್ಲಾಸ್ಟಿಕ್ ಹಾಸಿದೆ, 9 ಸಾವಿರ ಹೋಯಿತು. ಮೊದಲ ವರ್ಷ ಭೇಷ್. ಎರಡನೇ ವರ್ಷ ನೋಡಿದರೆ ಒಳಗಿನ ಹಬೆ ಹೊರಗೆ ಹೋಗದೆ ಪ್ಲಾಸ್ಟಿಕ್ಕೇ ಬೆವರುತ್ತಿದೆ. ಐದಾರು ರೀಪು (ಹೆಂಚು ಕೂರುವ ಮರದ ಪಟ್ಟಿ) ಬೆರಳಲ್ಲಿ ಒತ್ತಿದರೆ ಪುಡಿ. ಆಮೇಲೆ ಅದನ್ನು ಕಿತ್ತು ಮೂಲೆ ಹೆಂಚಿಗೆಲ್ಲ ಸಿಮೆಂಟ್ ಮೆತ್ತಿಸಿದೆ, 14 ಸಾವಿರ. ಬಿಸಿಲಿಗೆ ಮರ ಜಗ್ಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ನೀರಿಗೆ ಅಷ್ಟು ಸಾಕಲ್ವಾ?

ಕಳೆದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಹಾಕಿ, ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿದೆ. ಬೆಳಕು ತೂರುವಲ್ಲೆಲ್ಲ ರೀಪಿಗೆ ಗುರುತು ಹಾಕಿದೆ. ಕೆಳಗೆ ಕಲೆ ಇರುವ ಜಾಗಕ್ಕೂ ಮೇಲಿನ ಗುರುತಿಗೂ ತಾಳೆಯೇ ಇಲ್ಲ. ನೀರು ರೀಪು, ಅದರಡಿಯ ಪಕಾಸಿ ಮರ ಹಿಡಿದು ಮೂರ್ನಾಲ್ಕು ಅಡಿ ಹರಿದು ಆಮೇಲೆ ಬೀಳುತ್ತದೆ. ನಾವು ಇಷ್ಟು ವರ್ಷ ಕಲೆಯ ನೆತ್ತಿಯ ಹೆಂಚನ್ನೇ ಬದಲಿಸುತ್ತಿದ್ದೆವು!

ಗುರುತು ಬಿದ್ದ ಹೆಂಚು ಕಿತ್ತು ಬೆನ್ನು ತಿರುಗಿಸಿದೆ. ಕಾರ್ಖಾನೆಯ ಮುದ್ರೆ ಬೇರೆ. ಅಜ್ಜನ ಕಾಲದ್ದು ಒಂದು ಮುದ್ರೆ, ಮಂಗ ಒಡೆದಾಗಲೆಲ್ಲ ಸಿಕ್ಕಿದ್ದು ತಂದು ಹಾಕಿದ್ದು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚು, ಅಂದರೆ ಕಚ್ಚು, ಕೂರುವುದಿಲ್ಲ. ಅರ್ಧ ಬೆರಳು ಸಂದು. ನೆಟ್ಟಗೆ ಬೀಳುವ ಮಳೆಗೆ ಪರವಾಗಿಲ್ಲ, ಪಡುವಣ ಗಾಳಿ ನೀರನ್ನು ಮೇಲಕ್ಕೆ ತಳ್ಳಿದಾಗ ಒಳಗೆ.

ಏಪ್ರಿಲ್‌ನಲ್ಲಿ ಪಡುವಣ ಕಡೆಯ ಮಾಡು (ಛಾವಣಿ) ಪೂರ್ತಿ ಬಿಚ್ಚಿಸಿ, ಹೆಂಚನ್ನು ಮುದ್ರೆ ನೋಡಿ ಬೇರೆ ಬೇರೆ ರಾಶಿ ಹಾಕಿಸಿದೆ. ಭಾವ ಬಂದವರು ಜಗಲಿಯಲ್ಲಿ ಕೂತು ನಕ್ಕರು. "ಹೆಂಚಿಗೂ ಜಾತಿ ನೋಡ್ತೀರಲ್ಲ ಭಾವ!" ನೋಡಿದೆ. ಗಾಳಿ ಹೊಡೆತದ ಕಡೆಗೆ ಒಂದೇ ಮುದ್ರೆಯದು, ಉಳಿದದ್ದು ಕೊಟ್ಟಿಗೆಗೆ. ಕಡಿಮೆ ಬಿದ್ದ 250ರಷ್ಟು ಹೆಂಚು ಕೆಡವಿದ ಒಂದು ಹಳೇ ಮನೆಯಿಂದ ಸಿಕ್ಕಿತು, 10 ರೂಪಾಯಿಗೊಂದು. ಕಚ್ಚಿನ ಪಾಚಿಯನ್ನು ತಂತಿ ಬ್ರಷ್ಷಲ್ಲಿ ತಿಕ್ಕಲೇಬೇಕು, ಅಲ್ಲಿ ಸೋಮಾರಿತನ ಮಾಡಿದರೆ ಎಲ್ಲ ದಂಡ.

ಮಧ್ಯೆ ಸುಮ್ನೆ ಒಂದು ಪರೀಕ್ಷೆ. ಎರಡೂ ಜಾತಿಯ ಹೆಂಚು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. ಅಜ್ಜನದು 300 ಗ್ರಾಂ ಕುಡಿದಿತ್ತು, ಇನ್ನೊಂದು 400 ದಾಟಿತ್ತು. ಇದರಿಂದ ಏನು ಉಪಯೋಗವಾಯಿತೋ ಗೊತ್ತಿಲ್ಲ, ಭಾವನ ಬಾಯಿ ಮುಚ್ಚಿತು.

ಮೂಲೆ ಹೆಂಚಿನ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಕೊಟ್ಟೆ. ಅದಕ್ಕೆ ಬೆಲ್ಲದ ಜೊತೆ ಇನ್ನೊಂದು ಸೇರುತ್ತದೆ, ಅದನ್ನು ಮನೆಗೆ ಬಂದವರಿಗೆ ಹೇಳುತ್ತೇನೆ. ಕೊನೆಗೆ ಪೈಪಲ್ಲಿ ನೀರು ಬಿಟ್ಟು ನೋಡಿದ್ದು. ಮೊದಲು ನೆತ್ತಿಯಿಂದ ಬಿಟ್ಟು ಪೆಚ್ಚಾದೆ, ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯಲಿಲ್ಲ. ಸೂರಿನಿಂದ ಶುರು ಮಾಡಿ ಒಂದೊಂದೇ ಸಾಲು ಮೇಲೆ ಹೋಗಬೇಕು.

ಇಬ್ಬರು ಆಳು ನಾಲ್ಕು ದಿನ, ನೀರು ಹರಿದುಹೋಗುವ ದೋಣಿ ತಗಡು, ಹೆಂಚು ಎಲ್ಲ ಸೇರಿ 13 ಸಾವಿರ ಚಿಲ್ಲರೆ.

ಗೋಡೆಗೆ ಬಡಿಯುವ ಎರಚಲಿಗೆ ಈ ಸಲ ಸೋಗೆಯ (ಒಣ ಗರಿಯ) ತಟ್ಟಿಯ ಬದಲು ಹಸಿರು ನೆಟ್ ಎರಡು ಪದರ ಕಟ್ಟಿದ್ದೆ. ಮಳೆ ಅದರಲ್ಲಿ ಜರಡಿ ಹಿಡಿದ ಹಾಗೆ ಸಣ್ಣಗಾಗಿ ಗೋಡೆಗೇ ಬಂತು. ಜುಲೈ ಮಧ್ಯದಲ್ಲಿ ನೆನೆಯುತ್ತಾ ಸೋಗೆ ಕಟ್ಟಿದ್ದಾಯಿತು. ಭಾವ ಅದನ್ನು ನೋಡಿ ನಕ್ಕಿದ್ದು ಬೇರೆ. ಆದರೂ ಹೋಗುವಾಗ ಮೆಲ್ಲಗೆ ಕೇಳಿದರು, ದೀಪಾವಳಿ ಕಳೆದ ಮೇಲೆ ಅವರ ಮಾಡನ್ನೂ ಒಮ್ಮೆ ನೋಡಬಹುದಾ ಅಂತ. ಏಣಿ ಅವರದೇ ಇರಲಿ ಅಂದಿದ್ದೇನೆ.